ನೂರು ಗ್ರಾಂಗೆ

ಎಡಮಂಡಿಯ ಆಪರೇಷನ್ ಆಗಬೇಕಾದರೆ ಅಮ್ಮ ಎಂಬತ್ತೈದು ಕೆ.ಜಿ.ಗಿಂತ ಕೆಳಗೆ ಇಳಿಯಬೇಕಿತ್ತು. ಮೂಳೆ ಡಾಕ್ಟರು ಇದನ್ನು ಹೇಳಿದ ದಿನ ಅವಳ ತೂಕ ಎಂಬತ್ತೆಂಟು. ಹತ್ತು ವಾರ ಬಿಟ್ಟು ಬನ್ನಿ, ಇಳಿದಿದ್ದರೆ ತಾರೀಖು ಕೊಡುತ್ತೇನೆ, ಇಲ್ಲದಿದ್ದರೆ ಅದು ನಿಮ್ಮ ಹಿಂದಿನವರಿಗೆ ಹೋಗುತ್ತದೆ, ನಿಮ್ಮ ಸರದಿ ಮತ್ತೆ ಬರುವುದು ಮುಂದಿನ ವರ್ಷ ಎಂದರು.

ಅಮ್ಮ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮುಂದೆ ಇಪ್ಪತ್ತಾರು ವರ್ಷ ನಿಂತು ಬಟ್ಟೆ ಕತ್ತರಿಸಿದವಳು. ಮಂಡಿ ಕೈಕೊಟ್ಟ ಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿ ಹಚ್ಚುವ ಕೆಲಸಕ್ಕೆ ಹಾಕಿದ್ದರು. "ಗುಂಡಿ ಕೆಲಸಕ್ಕೆ ಹಾಕೋ ಬದಲು ಸೀದಾ ಗುಂಡಿಗೇ ಹಾಕಿ, ಮಣ್ಣು ಮುಚ್ಚಿ" ಎಂದು ಅವಳು ಸೂಪರ್‌ವೈಸರ್‌ಗೆ ಮುಖಕ್ಕೆ ಹೊಡೆದಂತೆ ಹೇಳಿ ಬಂದಿದ್ದಳು. ಮತ್ತೆ ಮೇಜಿನ ಮುಂದೆ ನಿಲ್ಲಬೇಕು. ಅದು ಬಿಟ್ಟು ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ತೂಕ ಇಳಿಸುವ ಜವಾಬ್ದಾರಿ ಮಗಳದು. ಮಗಳು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವಳು. ಆಳು ಗಿಡ್ಡ, ಎಲ್ಲರ ಮಾತನ್ನೂ ನಡುವೆ ತಡೆದು ನಿಲ್ಲಿಸುವ ಸ್ವಭಾವ. ಹಾಗಾಗಿ ಪ್ರೆಸ್ಸಿನಲ್ಲಿ ಅವಳಿಗೆ ಅಲ್ಪವಿರಾಮ ಎಂದೇ ಹೆಸರು. ಸಿಟ್ಟು ಬಂದಾಗ ಅಮ್ಮನೂ ಹಾಗೇ ಕರೆಯುತ್ತಿದ್ದಳು.

ಅಲ್ಪವಿರಾಮ ಒಂದು ನೋಟ್‌ಬುಕ್ ತಂದಳು. ದಿನಕ್ಕೆ ಸಾವಿರದ ನಾನೂರು ಕ್ಯಾಲೊರಿ: ಬೆಳಗ್ಗೆ ಮಧ್ಯಾಹ್ನ ಸೇರಿ ಎಂಟುನೂರು, ಸಂಜೆಯ ಊಟಕ್ಕೆ ಆರುನೂರು. ಬೆಳಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಮಧ್ಯಾಹ್ನ ಡಬ್ಬಿಗೆ ಅಷ್ಟೇ ಅನ್ನ, ಇಷ್ಟೇ ಕಾಳು. ಅಲ್ಲಿಗೆ ತೊಂದರೆ ಇರಲಿಲ್ಲ. ತೊಂದರೆ ಸಂಜೆಯದು. ಸಂಜೆ ಅಮ್ಮ ತಾನೇ ಒಲೆ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು.

"ಎಣ್ಣೆ ಎಷ್ಟು ಹಾಕ್ದೆ?" ಮಗಳು ಪೆನ್ನು ಹಿಡಿದು ಕೇಳಿದಳು.

"ಬಾಣಲೆ ಕೇಳಿದಷ್ಟು."

"ಎಷ್ಟು ಕೇಳ್ತು?"

"ಅದು ನನಗೂ ಬಾಣಲೆಗೂ ಇರೋ ಮಾತು. ನಡುವೆ ನಿಂದೇನು?"

ಮೂರು ಸಂಜೆ ಹೀಗೇ ಹೋಯಿತು. ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಬಿದ್ದವು. ಪ್ರೂಫ್ ತಿದ್ದುವವಳಿಗೆ ಇದಕ್ಕಿಂತ ಹಿಂಸೆ ಇಲ್ಲ.

ಅದೇ ವಾರ ಪ್ರೆಸ್ಸಿನಿಂದ ಒಂದು ಹೊಸ ಮೆನು ಕಾರ್ಡು ಹೊರಬಿದ್ದಿತ್ತು. ಪ್ರೆಸ್ಸಿನ ರಸ್ತೆಯ ತುದಿಯಲ್ಲೇ ಇದ್ದ ಮೂಲೆ ಹೋಟೆಲಿನದು. ಅಲ್ಲಿಯ ಯಜಮಾನಿ ಒಂದು ಲ್ಯಾಬಿಗೆ ತನ್ನ ನಲವತ್ತೆರಡು ಪದಾರ್ಥಗಳನ್ನೂ ಕಳಿಸಿ ಪರೀಕ್ಷೆ ಮಾಡಿಸಿ, ಒಂದೊಂದರ ಎದುರಿಗೂ ಕ್ಯಾಲೊರಿ ಹಾಕಿಸಿದ್ದಳು. ಆ ಕಾರ್ಡಿನ ಪ್ರೂಫ್ ನೋಡಿದ್ದು ಅಲ್ಪವಿರಾಮಳೇ. ಒಂದೂ ಕಾಗುಣಿತ ತಪ್ಪಿಲ್ಲದ ಕಾರ್ಡು ಎಂದು ಒಳಗೊಳಗೇ ಹೆಮ್ಮೆ ಇತ್ತು. ಬಾಣಲೆಯ ಮಾತನ್ನು ನಂಬುವುದಕ್ಕಿಂತ ಅಚ್ಚಾದ ಮಾತನ್ನು ನಂಬುವುದು ಮೇಲು ಎಂದು ತೀರ್ಮಾನಿಸಿ, ದಿನಾ ಸಂಜೆ ಆರೂವರೆಗೆ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದಳು.

ಹೋಟೆಲಿನ ಸಪ್ಲೈಯರ್ ಎಷ್ಟು ಎತ್ತರವಿದ್ದನೆಂದರೆ ಅಡುಗೆಮನೆ ಬಾಗಿಲಲ್ಲಿ ದಿನಕ್ಕೆ ನೂರು ಸಲ ತಲೆ ಬಗ್ಗಿಸುತ್ತಿದ್ದ. ಅವನನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ಮೊದಲ ದಿನ ಮಗಳು ಕಾರ್ಡು ನೋಡಿ ಲೆಕ್ಕ ಹಾಕಿದಳು. ತರಕಾರಿ ಸೂಪು ನಲವತ್ತೈದು. ಹುರಿದ ನೂಡಲ್ಸ್ ನೂರ ಎಪ್ಪತ್ತು. ಆಲೂಗಡ್ಡೆ ಜೊತೆ ಸುಟ್ಟ ಕೋಳಿ ನೂರ ಅರವತ್ತು.

"ಮುನ್ನೂರ ಎಪ್ಪತ್ತೈದು ಆಯ್ತು. ಇನ್ನೂ ಇನ್ನೂರ ಇಪ್ಪತ್ತೈದು ಇದೆ ಅಮ್ಮ."

"ಅಂದ್ರೆ?"

"ಪುಡಿಂಗ್ ಇನ್ನೂರ ಹತ್ತು. ತಿನ್ನಬಹುದು."

ಅಮ್ಮ ಮಗಳ ಮುಖ ನೋಡಿದಳು. "ನೀನು ನನ್ನ ಮಗಳೇ ತಾನೆ?"

ಉದ್ದಣ್ಣ ನೂಡಲ್ಸ್ ತಂದಿಟ್ಟ. ತಟ್ಟೆಯಲ್ಲಿ ಅದು ಗುಡ್ಡದ ಹಾಗಿತ್ತು. ಅಮ್ಮ ಒಂದು ಕಣ್ಣು ಮುಚ್ಚಿ, ಬಟ್ಟೆಯ ಥಾನು ಅಳೆಯುವವಳಂತೆ ಅದನ್ನು ನೋಡಿದಳು.

"ಇಷ್ಟಕ್ಕೆ ನೂರ ಎಪ್ಪತ್ತಾ? ಒಂದು ಮೊಟ್ಟೆಗೇ ಎಂಬತ್ತು ಅಂದಿದ್ದೆ."

"ಅಚ್ಚಾಗಿದೆ ಅಮ್ಮ. ಲ್ಯಾಬಿನವರು ಕೊಟ್ಟಿದ್ದು."

"ನನ್ನ ಕಣ್ಣಳತೆ ಬೇರೆ ಹೇಳ್ತಿದೆ ಕಣೇ."

"ಕಣ್ಣಳತೆ ಬಟ್ಟೆಗೆ. ಊಟಕ್ಕಲ್ಲ."

"ಸರಿ, ಅಚ್ಚಾದ್ಮೇಲೆ ನಾವ್ಯಾರು ಕೇಳೋಕೆ" ಎಂದು ಅಮ್ಮ ಫೋರ್ಕು ಎತ್ತಿಕೊಂಡಳು. ಬೇಡ ಎನ್ನಬೇಕಾದವರೇ ಬಡಿಸಲು ನಿಂತರೆ ಯಾರು ತಾನೆ ಹೆಚ್ಚು ವಾದ ಮಾಡುತ್ತಾರೆ?

ಆ ನಾಲ್ಕು ವಾರ ಮನೆಯಲ್ಲಿ ಸಂಭ್ರಮ. ಪಥ್ಯ ಅಂದರೆ ಇಷ್ಟು ಸುಲಭ ಅಂತ ಗೊತ್ತಿದ್ದರೆ ಹತ್ತು ವರ್ಷದ ಹಿಂದೆಯೇ ಮಾಡುತ್ತಿದ್ದೆ ಎಂದು ಅಮ್ಮ ಕಾರ್ಖಾನೆಯಲ್ಲಿ ಹೇಳಿಕೊಂಡು ತಿರುಗಿದಳು. ಹೋಟೆಲಿನಲ್ಲೂ ಜನ ಹೆಚ್ಚಿದ್ದರು. ಪಕ್ಕದ ಟೇಬಲಿಗೆ ದಿನಾ ಬರುತ್ತಿದ್ದ ಒಬ್ಬ ದಪ್ಪ ಮೇಷ್ಟರು ಕಾರ್ಡಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿ, ಸಂಕಟದ ಮುಖ ಮಾಡಿ ಎರಡನೇ ತಟ್ಟೆ ನೂಡಲ್ಸ್ ತರಿಸುತ್ತಿದ್ದರು.

ಒಂದು ಬೆಳಗ್ಗೆ ಅಮ್ಮ ಮಗಳನ್ನು ಹಿಂದಿನಿಂದ ನೋಡಿ ಹೇಳಿದಳು: "ನಿನ್ನ ಸೊಂಟ ಎರಡು ಬೆರಳು ಜಾಸ್ತಿ ಆಗಿದೆ."

"ಒಗೆದು ಒಗೆದು ಪ್ಯಾಂಟು ಕುಗ್ಗಿದೆ."

"ಅದು ಕುಗ್ಗೋ ಬಟ್ಟೆ ಅಲ್ಲ. ಕತ್ತರಿಸಿದ್ದು ನಾನು."

ಮಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕನೇ ವಾರದ ಕೊನೆಗೆ ಇಬ್ಬರೂ ಮೆಡಿಕಲ್ ಶಾಪಿನ ಮುಂದಿದ್ದ ತೂಕದ ಮೆಷಿನ್ನಿನ ಬಳಿ ಹೋದರು. ಅಮ್ಮ ಹತ್ತಿದಳು. ಎಂಬತ್ತೊಂಬತ್ತು ಪಾಯಿಂಟ್ ಎರಡು. ಇಳಿದು ಮತ್ತೆ ಹತ್ತಿದಳು. ಮೆಷಿನ್ನು ಮಾತು ಬದಲಿಸಲಿಲ್ಲ.

"ಕೆಟ್ಟಿರ್ಬೇಕು" ಎಂದಳು ಅಮ್ಮ.

ಅಲ್ಪವಿರಾಮ ದಾರಿಯುದ್ದಕ್ಕೂ ನೋಟ್‌ಬುಕ್ಕಿನ ಲೆಕ್ಕವನ್ನೇ ಮತ್ತೆ ಮತ್ತೆ ಕೂಡುತ್ತಾ ಬಂದಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಕಾರ್ಖಾನೇಲಿ ಏನು ತಿಂತಿದ್ದೀಯ?"

"ಏನು?"

"ನನ್ನ ಲೆಕ್ಕದಲ್ಲಿ ಒಂದು ಕ್ಯಾಲೊರಿ ಆಚೀಚೆ ಇಲ್ಲ. ಇಲ್ಲಿ ತಿಂದಿದ್ದೆಲ್ಲ ಬರೆದಿದ್ದೀನಿ. ಅಂದ್ಮೇಲೆ ಬರೆಯದೇ ಇರೋದನ್ನ ನೀನು ಎಲ್ಲೋ ತಿಂತಿದ್ದೀಯ."

"ಕದ್ದು ತಿನ್ನೋಕೆ ನಾನೇನು ಬೆಕ್ಕಾ?"

ಮಗಳು ಅಮ್ಮನ ಕೈಚೀಲ ಎತ್ತಿಕೊಂಡು ಮಂಚದ ಮೇಲೆ ಸುರಿದಳು. ಟೇಪು, ಸೀಮೆಸುಣ್ಣ, ಕನ್ನಡಕದ ಡಬ್ಬಿ, ಮಂಡಿಗೆ ಹಚ್ಚುವ ಮುಲಾಮು. ಒಂದು ಪೆಪ್ಪರ್‌ಮಿಂಟು. ಅವಳು ಅದನ್ನು ಎತ್ತಿ ಹಿಡಿದಳು. ಹಿಡಿದ ಕ್ಷಣವೇ ನಾಚಿಕೆಯಾಯಿತು, ಆದರೂ ಕೆಳಗಿಡಲಿಲ್ಲ. ನೋಟ್‌ಬುಕ್ಕಿನಲ್ಲಿ ಹನ್ನೆರಡು ಎಂದು ಬರೆದಳು.

ಅಮ್ಮ ಒಂದೊಂದೇ ಸಾಮಾನು ಚೀಲಕ್ಕೆ ವಾಪಸ್ ಹಾಕಿಕೊಂಡಳು. ಮುಂದಿನ ಮೂರು ದಿನ ಅವಳು ಮಗಳ ಜೊತೆ ಹೂಂ, ಉಹೂಂ ಬಿಟ್ಟು ಇನ್ನೇನೂ ಆಡಲಿಲ್ಲ. ಹೋಟೆಲಿಗೂ ಹೋಗಲಿಲ್ಲ. ಸಂಜೆ ಒಂದು ಬಟ್ಟಲು ಮೊಸರು ತಿಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ನಾಲ್ಕನೆಯ ದಿನ ಪ್ರೆಸ್ಸಿಗೆ ಮೂಲೆ ಹೋಟೆಲಿನಿಂದ ಒಂದು ಚೀಟಿ ಬಂತು. ಎರಡು ಹೊಸ ಪದಾರ್ಥ ಸೇರಿಸಬೇಕಂತೆ. ಯಜಮಾನಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಮೀನಿನ ಸೂಪು, 38, 100 ಗ್ರಾಂಗೆ. ಅಣಬೆ ಆಮ್ಲೆಟ್, 155, 100 ಗ್ರಾಂಗೆ.

ಅಲ್ಪವಿರಾಮಳ ಕೆಂಪು ಪೆನ್ನು ಅಭ್ಯಾಸಬಲದಿಂದ '100 ಗ್ರಾಂಗೆ' ಎನ್ನುವುದರ ಮೇಲೆ ಗೆರೆ ಎಳೆಯಲು ಹೋಯಿತು. ಅರ್ಧ ಎಳೆದು ನಿಂತಿತು.

ಅವಳು ಎದ್ದು ಹೋಗಿ ಹಳೆಯ ಕೆಲಸಗಳ ಲಕೋಟೆ ತೆಗೆದಳು. ಹೋಟೆಲಿನವರು ಕೊಟ್ಟಿದ್ದ ಮೂಲಪ್ರತಿಯಲ್ಲಿ ನಲವತ್ತೆರಡು ಸಾಲು, ಒಂದೊಂದರ ಕೊನೆಗೂ '100 ಗ್ರಾಂಗೆ'. ನಲವತ್ತೆರಡರ ಮೇಲೂ ಅವಳದೇ ಕೆಂಪು ಗೆರೆ. ಅಂಚಿನಲ್ಲಿ ಅವಳದೇ ಅಕ್ಷರದಲ್ಲಿ 'ತಲೆಗೆ' ಎಂದು ಬರೆದಿತ್ತು. ಸಾಲುಸಾಲಿಗೂ ಬರುವ ಮಾತನ್ನು ಹೊಡೆದು ಹಾಕಿ, ಒಂದೇ ಸಲ ಕಾಲಮ್ಮಿನ ತಲೆಗೆ ಏರಿಸುವುದು ಆ ಪ್ರೆಸ್ಸಿನ ಪದ್ಧತಿ. ತಪ್ಪೇನಿಲ್ಲ. ಎರಡನೇ ಪ್ರೂಫಿನಲ್ಲಿ ಅದು ತಲೆಗೆ ಏರಿಯೂ ಇತ್ತು: ಮೇಲೆ 'ಕ್ಯಾಲೊರಿ', ಕೆಳಗಿನ ಸಾಲಿನಲ್ಲಿ '100 ಗ್ರಾಂಗೆ'. ಆದರೆ ತಲೆ ಎರಡು ಸಾಲಾದದ್ದರಿಂದ ಕೊನೆಯ ಪದಾರ್ಥ ಪುಟದಿಂದ ಕೆಳಗೆ ಬಿದ್ದಿತ್ತು. ಕೊನೆಯ ಪದಾರ್ಥ ಪುಡಿಂಗ್. ಒಂದು ಸಾಲು ಉಳಿಸಲು ಅವಳು ತಲೆಯ ಎರಡನೇ ಸಾಲನ್ನು ಹೊಡೆದು ಹಾಕಿದ್ದಳು. ಪುಡಿಂಗ್ ಉಳಿದಿತ್ತು.

ಕಂಪೋಸ್ ಮಾಡುವ ಗೆಳತಿ ಕಂಪ್ಯೂಟರಿನ ಹಿಂದಿನಿಂದ ಇಣುಕಿದಳು. "ಏನೇ ಅಲ್ಪವಿರಾಮ, ಪೂರ್ಣವಿರಾಮ ಆಗ್ಬಿಟ್ಯಲ್ಲ?"

"ಒಂದು ತಟ್ಟೆ ನೂಡಲ್ಸ್ ಎಷ್ಟು ಗ್ರಾಂ ಇರುತ್ತೆ?"

"ನಾನು ತಿನ್ನೋಳು, ತೂಗೋಳಲ್ಲ. ಒಂದು ನಾನೂರು ಇರಬಹುದು. ಯಾಕೆ?"

ಅಲ್ಪವಿರಾಮ ಗುಣಾಕಾರ ಮಾಡಿದಳು. ಸೂಪು, ನೂಡಲ್ಸು, ಕೋಳಿ, ಪುಡಿಂಗು. ಐನೂರ ಎಂಬತ್ತೈದು ಎಂದು ತಾನು ದಿನಾ ಬರೆದುಕೊಂಡ ಊಟ ಹೆಚ್ಚು ಕಡಿಮೆ ಸಾವಿರದ ಒಂಬೈನೂರು. ಅದೂ ಅಮ್ಮನಿಗೆ ತಾನೇ ಒತ್ತಾಯ ಮಾಡಿ ತಿನ್ನಿಸಿದ್ದು.

ಪ್ರೆಸ್ಸಿನ ಯಜಮಾನರ ಬಳಿ ಹೋಗಿ ಹೇಳಿದಳು. ಅವರು ಹಣೆ ಚಚ್ಚಿಕೊಂಡರು, ಹೊಸ ಕಾರ್ಡು ಮುಂದಿನ ತಿಂಗಳು ಹೊಡೆದು ಕೊಡೋಣ, ಅಲ್ಲಿಯವರೆಗೆ ನೀನೇ ಹೋಗಿ ಏನಾದರೂ ಮಾಡು ಎಂದರು. ಅದು ಸುಲಭದ ಕೆಲಸ. ಮನೆಗೆ ಹೋಗುವುದು ಕಷ್ಟದ್ದಾಗಿತ್ತು.

ಅಮ್ಮ ಬಿಸಿನೀರಿನ ಚೀಲ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಳು. ಮಗಳು ನಿಂತೇ ಹೇಳಿದಳು, ಎಲ್ಲವನ್ನೂ, ನಲವತ್ತೆರಡು ಗೆರೆ ಮತ್ತು ಇನ್ನೊಂದು ಗೆರೆಯ ಸಮೇತ. "ತಪ್ಪು ನಂದು. ಚೀಲ ಸುರಿದಿದ್ದೂ ತಪ್ಪು" ಎಂದಳು.

ಅಮ್ಮ ಬಿಸಿನೀರಿನ ಚೀಲವನ್ನು ಮಂಡಿಯ ಮೇಲೆ ಸರಿಮಾಡಿಕೊಂಡಳು.

"ಚೀಲದಲ್ಲಿ ಏನು ಸಿಕ್ತು?"

"ಪೆಪ್ಪರ್‌ಮಿಂಟು."

"ಎಷ್ಟು ಅಂತ ಬರ್ಕೊಂಡೆ?"

"ಹನ್ನೆರಡು."

"ನಿನ್ನ ಇಡೀ ಪುಸ್ತಕದಲ್ಲಿ ಸರಿಯಾಗಿರೋದು ಅದೊಂದೇ ನೋಡು."

ಆಮೇಲೆ ಅವಳ ಹೊಟ್ಟೆ ಕುಲುಕಿತು, ಬಿಸಿನೀರಿನ ಚೀಲ ಕುಲುಕಿತು, ಕೊನೆಗೆ ನಗು ಬಾಯಿಗೂ ಬಂತು. "ಅಲ್ವೇ, ಕಾಲಮ್ಮಿನ ತಲೆಗೆ ಏರಿಸಿದ್ದನ್ನ ತಂದು ನನ್ನ ಮಂಡಿಗೆ ಇಳಿಸಿದ್ಯಲ್ಲೇ!"

ಮಗಳಿಗೂ ನಗು ಬಂತು, ಆದರೆ ನಗುವ ಹಕ್ಕು ತನಗಿದೆಯೋ ಇಲ್ಲವೋ ತಿಳಿಯದೆ ಅರ್ಧಕ್ಕೆ ನಿಲ್ಲಿಸಿದಳು. "ಐದೂವರೆ ವಾರ ಇದೆ. ನಾಲ್ಕು ಕೆ.ಜಿ. ಮೇಲೆ ಇಳೀಬೇಕು. ಇನ್ನು ಮೇಲೆ ಮನೇಲೇ ಊಟ."

"ಬೇಡ. ಅಲ್ಲಿಗೇ ಹೋಗೋಣ."

"ಅಮ್ಮಾ—"

"ಮನೇಲಿ ಬಾಣಲೆ ಇದೆ, ನನಗೆ ದಾಕ್ಷಿಣ್ಯ ಜಾಸ್ತಿ. ಅಲ್ಲಾದ್ರೆ ತಕ್ಕಡಿ ಇದೆ. ನಡಿ, ಆಯಮ್ಮನಿಗೆ ನಿನ್ನ ಘನಕಾರ್ಯ ಹೇಳ್ಬೇಕಲ್ಲ."

ಹೋಟೆಲಿನ ಯಜಮಾನಿ ಗಲ್ಲಾದ ಹಿಂದೆ ಕೂತು ಇಡೀ ಕಥೆ ಕೇಳಿದಳು. ಅವಳಿಗೆ ಕಾರ್ಡಿನ ಮೇಲೆ ಅನುಮಾನವೇ ಬಂದಿರಲಿಲ್ಲ. ಜನ ಹೆಚ್ಚಿದ್ದು ತನ್ನ ಕೈರುಚಿಗೆ ಎಂದುಕೊಂಡಿದ್ದಳು.

"ಅರವತ್ತು ಕಾರ್ಡು ಇದೆಯಮ್ಮ, ಪ್ಲಾಸ್ಟಿಕ್ ಹಾಕ್ಸಿ ಇಟ್ಟಿದ್ದೀನಿ. ಈಗ ನೂರು ಗ್ರಾಂಗೆ ಅಂತ ಬರೆದ್ರೆ ಜನ ಹೆದರ್ಕೊಂಡು ಓಡ್ತಾರೆ!"

"ಓಡಿದ್ರೆ ಒಳ್ಳೇದಲ್ವಾ" ಎಂದಳು ಅಮ್ಮ. "ತೂಕ ಇಳಿಯುತ್ತೆ."

ಯಜಮಾನಿ ನಗಬಾರದು ಎಂದುಕೊಂಡಿದ್ದಳು, ಆಗಲಿಲ್ಲ. ಮಾರ್ಕರ್ ಪೆನ್ನು ತೆಗೆದುಕೊಟ್ಟಳು. ಅಲ್ಪವಿರಾಮ ಮೂಲೆಯ ಟೇಬಲಿನಲ್ಲಿ ಕೂತು ಒಂದೊಂದು ಕಾರ್ಡಿನ ಕಾಲಮ್ಮಿನ ನೆತ್ತಿಯ ಮೇಲೂ '100 ಗ್ರಾಂಗೆ' ಎಂದು ಬರೆದಳು. ಮೊದಲ ಕಾರ್ಡು ಸಿಕ್ಕಿದ್ದು ದಪ್ಪ ಮೇಷ್ಟರಿಗೆ. ಅವರು ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು, ಮುಂದಿದ್ದ ನೂಡಲ್ಸನ್ನು ನೋಡಿದರು.

"ಉದ್ದಣ್ಣ, ಇದು ಎಷ್ಟು ಗ್ರಾಂ ಇದೆಯಪ್ಪ?"

"ನನ್ನನ್ಯಾಕೆ ಕೇಳ್ತೀರ ಸಾರ್, ನಾನು ಎತ್ತರಕ್ಕೆ ಫೇಮಸ್ಸು, ತೂಕಕ್ಕಲ್ಲ."

"ನಾನೂರ ಇಪ್ಪತ್ತು" ಎಂದಳು ಅಮ್ಮ, ತನ್ನ ಕುರ್ಚಿಯಿಂದಲೇ.

ಉದ್ದಣ್ಣ ತಲೆ ಬಗ್ಗಿಸಿ ಒಳಗೆ ಹೋಗಿ ಅಡುಗೆಮನೆಯ ತಕ್ಕಡಿ ತಂದ. ಖಾಲಿ ತಟ್ಟೆಯ ತೂಕ ಕಳೆದು ನೋಡಿದರೆ ನಾನೂರ ಹದಿನೈದು.

"ಐದು ಗ್ರಾಂ ಮೇಷ್ಟ್ರು ಆಗಲೇ ತಿಂದಿದ್ದಾರೆ" ಎಂದಳು ಅಮ್ಮ.

ಹೋಟೆಲ್ ಗೊಳ್ಳೆಂದಿತು. ಮೇಷ್ಟರು ನಗಲಿಲ್ಲ. "ಒಂದು ತಿಂಗಳಿಂದ ಎರಡೆರಡು ತಿಂದಿದ್ದೀನಲ್ಲಮ್ಮ, ಪಥ್ಯ ಅಂತ ಸ್ಟಾಫ್‌ರೂಮಲ್ಲಿ ಎಲ್ಲರಿಗೂ ಉಪದೇಶ ಬೇರೆ ಮಾಡಿದ್ದೀನಿ" ಎಂದರು. ಆಮೇಲೆ ಅವರೇ ಕೇಳಿದರು, "ನೂರ ಐವತ್ತು ಗ್ರಾಂ ಅಂದ್ರೆ ಎಲ್ಲಿವರೆಗೆ ಬರುತ್ತೆ, ಸ್ವಲ್ಪ ತೋರಿಸ್ತೀರಾ?"

ಅಮ್ಮ ಚಾಕು ತೆಗೆದುಕೊಂಡು ನೂಡಲ್ಸಿನ ಗುಡ್ಡದ ಮೇಲೆ ಗುರುತು ಹಾಕಿದಳು. ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುವಾಗ ಕೈ ಹೇಗೆ ಹೋಗುತ್ತಿತ್ತೋ ಹಾಗೇ ಹೋಯಿತು, ಎಲ್ಲೂ ತಡೆಯಲಿಲ್ಲ. "ಇದು ತೋಳು. ಇದು ನಿಮಗೆ. ಮಿಕ್ಕಿದ ಬೆನ್ನು, ಮುಂಭಾಗ, ಕಾಲರು ಎಲ್ಲ ಡಬ್ಬಿಗೆ ಹಾಕಿಸ್ಕೊಂಡು ಹೋಗಿ, ನಾಡಿದ್ದಿನವರೆಗೆ ಬರುತ್ತೆ."

ಅಂದಿನಿಂದ ಸಂಜೆ ಆರೂವರೆಗೆ ಅದೊಂದು ಆಟವಾಯಿತು. ಜನ ತಟ್ಟೆ ಹಿಡಿದು ಅಮ್ಮನ ಟೇಬಲಿಗೆ ಬರುತ್ತಿದ್ದರು. ಅಕ್ಕಾ ಇದೆಷ್ಟು, ಅಮ್ಮಾ ಇದೆಷ್ಟು. ಅವಳು ಒಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು, ಉದ್ದಣ್ಣ ತಕ್ಕಡಿಯಲ್ಲಿ ಇಟ್ಟು ಕೂಗುತ್ತಿದ್ದ. ಸೂಪಿನಲ್ಲಿ ಮಾತ್ರ ಅವಳಿಗೆ ಸೋಲು. "ನೀರು ಕತ್ತರಿಗೆ ಸಿಗಲ್ಲ" ಎಂದು ಒಪ್ಪಿಕೊಂಡಳು. ಯಜಮಾನಿಯ ಹೋಟೆಲಿನಿಂದ ಯಾರೂ ಓಡಲಿಲ್ಲ. ಅವಳು ಅರ್ಧ ತಟ್ಟೆಯ ಊಟವನ್ನೂ ಶುರು ಮಾಡಿದಳು.

ತೂಕ ಮಾತ್ರ ಆಟದಷ್ಟು ಸಲೀಸಾಗಿ ಇಳಿಯಲಿಲ್ಲ. ಮೊದಲ ವಾರ ಒಂದು ಕೆ.ಜಿ. ಇಳಿಯಿತು, ಎರಡನೆಯ ವಾರ ಮುನ್ನೂರು ಗ್ರಾಂ, ಮೂರನೆಯ ವಾರ ಏನೂ ಇಲ್ಲ. ಆ ಸಂಜೆ ಅಮ್ಮ ಸೂಪನ್ನು ಪಕ್ಕಕ್ಕೆ ತಳ್ಳಿ ಉದ್ದಣ್ಣನನ್ನು ಕರೆದಳು. "ಪುಡಿಂಗ್ ತಗೊಂಡ್ಬಾ. ಪೂರ್ತಿ."

"ಅಕ್ಕಾ, ನಿಮ್ಮ ಮಗಳು—"

"ನನ್ನ ಮಗಳು ಬರ್ಕೊಳ್ಳೋಕೆ ಕೂತಿದ್ದಾಳೆ. ಬರ್ಕೊಳ್ಳೇ, ಮುನ್ನೂರ ಹದಿನೈದು. ಈಗ ಗೊತ್ತಿದ್ದೇ ತಿಂತಿದ್ದೀನಿ."

ಮಗಳು ತಡೆಯಲಿಲ್ಲ. ಬರೆದುಕೊಂಡಳು. ಅಮ್ಮ ಚಮಚ ನೆಕ್ಕಿ ಕೆಳಗಿಟ್ಟು, ಮರುದಿನ ಬೆಳಗ್ಗೆ ಮಧ್ಯಾಹ್ನ ಎರಡು ಹೊತ್ತೂ ಸೌತೆಕಾಯಿ ತಿಂದಳು. ನಾಲ್ಕನೆಯ ವಾರ ಒಂದು ಕೆ.ಜಿ. ಹೋಯಿತು, ಐದನೆಯದರಲ್ಲಿ ಇನ್ನೊಂದು. ಆಸ್ಪತ್ರೆಗೆ ಹೋಗುವ ದಿನಕ್ಕೆ ನಾಲ್ಕು ದಿನ ಇರುವಾಗ ಮೆಡಿಕಲ್ ಶಾಪಿನ ಮೆಷಿನ್ನು ಎಂಬತ್ತೈದು ಪಾಯಿಂಟ್ ಒಂಬತ್ತು ತೋರಿಸಿತು. ಅದಾದ ಮೇಲೆ ಇಬ್ಬರೂ ಮೆಷಿನ್ನಿನ ಹತ್ತಿರ ಸುಳಿಯಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸ್ ಹೆಸರು ಕರೆದಾಗ ಅಮ್ಮ ಗಡಿಬಿಡಿಯಲ್ಲಿ ಹಾಗೇ ತೂಕದ ಮೆಷಿನ್ ಹತ್ತಿಬಿಟ್ಟಳು. ಎಂಬತ್ತೈದು ಪಾಯಿಂಟ್ ಆರು. ಅಲ್ಪವಿರಾಮ ಕೈಲಿದ್ದ ನೋಟ್‌ಬುಕ್ ಮುಚ್ಚಿದಳು. ಐದೂವರೆ ವಾರದ ಅರ್ಧ ತಟ್ಟೆಗಳು, ಎರಡು ಹೊತ್ತಿನ ಸೌತೆಕಾಯಿ, ಎಲ್ಲ ಆಗಿಯೂ ಇನ್ನೂ ಆರುನೂರು ಗ್ರಾಂ ಹೆಚ್ಚು. ಆ ನಾಲ್ಕು ವಾರ ತಾನು ತಿನ್ನಿಸದೇ ಇದ್ದಿದ್ದರೆ, ಎಂದುಕೊಂಡಳು.

"ಶೂ ಬಿಚ್ಚಿ ಅಂತ ಹೇಳಿದ್ನಲ್ಲ" ಎಂದಳು ನರ್ಸ್. "ಸ್ವೆಟರೂ ತೆಗೀರಿ. ಎಲ್ಲರೂ ಮನೆಯನ್ನೇ ಹೊತ್ಕೊಂಡು ಬರ್ತೀರಪ್ಪ."

ಅಮ್ಮ ಗೋಡೆ ಹಿಡಿದು ಶೂ ಬಿಚ್ಚಿದಳು. ಮಂಡಿಗೆಂದು ಒಳಗೆ ದಪ್ಪ ರಬ್ಬರ್ ಅಟ್ಟೆ ಹಾಕಿಸಿದ್ದ ಶೂ, ಕಲ್ಲಿನಂತಿದ್ದವು. ಸ್ವೆಟರು ಬಿಚ್ಚಿ ಮಗಳ ಕೈಗೆ ಕೊಟ್ಟಳು. ಮತ್ತೆ ಹತ್ತಿ, ಕಣ್ಣು ಮುಚ್ಚಿಕೊಂಡು ನಿಂತಳು. ಎರಡೂ ಕಣ್ಣು.

"ಎಂಬತ್ನಾಲ್ಕು ಪಾಯಿಂಟ್ ಐದು."

"ಇನ್ನೊಂದ್ಸಲ ಹೇಳಮ್ಮ."

"ಎಂಬತ್ನಾಲ್ಕೂವರೆ. ಇಳೀರಿ, ಹಿಂದೆ ಜನ ಇದ್ದಾರೆ."

ಡಾಕ್ಟರು ಕಾಗದ ನೋಡಿ ಹನ್ನೆರಡು ದಿನ ಬಿಟ್ಟು ತಾರೀಖು ಬರೆದರು. ಅದುವರೆಗೂ ಇದೇ ತೂಕ ಕಾಯ್ದುಕೊಳ್ಳಬೇಕು ಎಂದರು. ಅಮ್ಮ ತಲೆಯಾಡಿಸಿದಳು.

"ಆಪರೇಷನ್ ಆದ್ಮೇಲೆ ಎಷ್ಟು ಹೊತ್ತು ನಿಂತ್ಕೋಬಹುದು?"

"ನಿಮಗೆ ಎಷ್ಟು ಹೊತ್ತು ಬೇಕು?"

"ಎಂಟು ಗಂಟೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲು ಹತ್ತು ನಿಮಿಷ ನಿಲ್ಲಿ. ಮೂರು ತಿಂಗಳು ಹೇಳಿದ ಹಾಗೆ ಕೇಳಿದ್ರೆ ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸೋಣ. ಎಂಟು ಗಂಟೆ ಕೂಡ ಆಗುತ್ತೆ, ನಡುನಡುವೆ ಕೂತರೆ."

"ಕೂರೋದು ನನಗೆ ಈಗ ಚೆನ್ನಾಗಿ ಬರುತ್ತೆ ಬಿಡಿ" ಎಂದಳು ಅಮ್ಮ.

ಹೊರಗೆ ಬಂದವಳೇ ಫೋನು ತೆಗೆದು ಸೂಪರ್‌ವೈಸರ್‌ಗೆ ಹಚ್ಚಿದಳು. ಮಗಳು ಕುರ್ಚಿ ತೋರಿಸಿದರೆ ಬೇಡ ಎಂದು ಕೈಯಾಡಿಸಿದಳು.

"ತಾರೀಖು ಸಿಕ್ತು ರೀ. ಹನ್ನೆರಡು ದಿನ. ಆಮೇಲೆ ಮೂರು ತಿಂಗಳು... ಹೂಂ, ಗುಂಡಿಗೆ ಬೇರೆಯವರನ್ನ ಹುಡುಕ್ಕೊಳ್ಳಿ... ಅಲ್ಲ, ಕೇಳಿ ಇಲ್ಲಿ, ನನ್ನ ಮೇಜಿನ ಎತ್ತರ ಯಾರಾದ್ರೂ ಬದಲಾಯಿಸಿದ್ದಾರಾ?... ಯಾರು?... ಎಷ್ಟು ಬೆರಳು ಇಳಿಸಿದ್ದಾರೆ?... ಎರಡಾ? ಮೊದಲಿನ ಹಾಗೆ ಮಾಡಿಸಿಡಿ. ನಾನು ಬಂದು ಅಳೀತೀನಿ."

ಮಾತು ಮುಗಿಯುವುದರೊಳಗೆ ಎಡಗಾಲು ನಡುಗತೊಡಗಿತ್ತು. ಮಂಡಿ ಇನ್ನೂ ಹಳೆಯದೇ ತಾನೆ. ಅವಳು ಫೋನನ್ನು ಕಿವಿಯಿಂದ ತೆಗೆಯದೆಯೇ ಇನ್ನೊಂದು ಕೈಯಿಂದ ಕುರ್ಚಿ ಹುಡುಕಿದಳು. ಮಗಳು ಅದನ್ನು ಅವಳ ಹಿಂದಕ್ಕೆ ಸರಿಸಿದಳು.